ಕಟ್ಟಿದ ಬಲಗೈ

ಗಿರಿನಗರದ ನಮ್ಮ ಪಕ್ಕದ ಮನೆಯ ಸೀತಾಲಕ್ಷ್ಮಿ ಕತೆ ಬರೆಯುತ್ತಾರೆ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಹತ್ತಿದ ಗೀಳು. ಬರೆಯಲಿ, ಬೇಡವೆಂದವರು ಯಾರು? ಆದರೆ ತಾವು ಮಾಡಿ ನೋಡದ ಯಾವುದನ್ನೂ ಬರೆಯುವುದಿಲ್ಲ ಎಂಬ ಹಟ ಬೇರೆ. ಹೂ ಮಾರುವವಳ ಕತೆಗೆಂದು ಬನಶಂಕರಿ ಗುಡಿಯ ಮುಂದೆ ಹೂವಿನವಳ ಪಕ್ಕ ಕೂತು, ಅವಳನ್ನು ಕೇಳಿ ಕಲಿತು, ಬೆರಳು ಊದುವವರೆಗೆ ಕನಕಾಂಬರ ಕಟ್ಟಿದರು. ಆಟೋ ಓಡಿಸುವ ಹೆಂಗಸಿನ ಕತೆಗೆಂದು ಕುಮಾರಸ್ವಾಮಿ ಲೇಔಟಿನ ಮೈದಾನದಲ್ಲಿ ಆಟೋದವನೊಬ್ಬನನ್ನು ಹಿಡಿದು ಆಟೋ ಕಲಿಯಲು ಹೋಗಿ ಯಾರದೋ ಕಾಂಪೌಂಡಿಗೆ ಗುದ್ದಿದರು. ಕೇಳಿದರೆ, "ಮಾಡದೆ ಬರೆದ್ರೆ ಓದೋರಿಗೆ ಗೊತ್ತಾಗ್ಬಿಡತ್ತೆ ಕಣೇ" ಎನ್ನುತ್ತಾರೆ. ನಾನು ನಗುತ್ತಿದ್ದೆ. ಕೊನೆಯ ಸಲ ಮಾತ್ರ ನಗು ಬರಲಿಲ್ಲ.

ಅವರ ಗಂಡ ಸೇತುರಾಮರ ಅಣ್ಣ ಮಾಧವರಾಯರು ಅದೇ ಮನೆಯಲ್ಲಿದ್ದಾರೆ. ಮೇಷ್ಟ್ರಾಗಿದ್ದವರು, ಮದುವೆಯಾಗಲಿಲ್ಲ. ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋದ ಮೇಲೆ ತಮ್ಮ ಸೇತುರಾಮ ಕರೆದುಕೊಂಡು ಬಂದರು. ಊಟ ಅವರ ಕೋಣೆಗೇ ಹೋಗುತ್ತದೆ. ತಟ್ಟೆ ಒಳಗಿಟ್ಟ ಕೂಡಲೇ ಬಾಗಿಲು ಮುಚ್ಚುತ್ತದೆ. ಹಬ್ಬದ ದಿನವೂ ಹೊರಗೆ ಬರುವುದಿಲ್ಲ. ಸೇತುರಾಮ ಕರೆದು ಕರೆದು ಸುಮ್ಮನಾದರು. ಎಡಗೈಯಲ್ಲಿ ಉಣ್ಣಬೇಕಲ್ಲ, ನಾಚಿಕೆ ಇರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಎಡಗೈ ಚಾಚಿ ಪ್ರಸಾದ ಕೇಳಿದ ಮಕ್ಕಳಿಗೂ ಗದರುವ ಜನ ನಾವು.

ಈ ಶ್ರಾವಣದಲ್ಲಿ ಸೀತಾಲಕ್ಷ್ಮಿ ಬಲಗೈ ಸ್ವಾಧೀನವಿಲ್ಲದ ಮುದುಕನೊಬ್ಬನ ಕತೆ ಹಿಡಿದರು. ಒಂದು ಮಧ್ಯಾಹ್ನ ನನ್ನನ್ನು ಕರೆದು, ಕೈಗೆ ಹಳೇ ಟವೆಲ್ ಕೊಟ್ಟು, "ಬಲಗೈನ ಮೈಗೆ ಸೇರಿಸಿ ಕಟ್ಟು. ಒಬ್ಬಳೇ ಗಂಟು ಹಾಕ್ಕೊಳಕ್ಕಾಗ್ತಿಲ್ಲ" ಎಂದರು.

"ಆಂಟಿ, ಒಳಗೆ ಮಾಧವ ಅಂಕಲ್ ಇದಾರೆ."

"ಊಟ ಆಯ್ತು ಅವರ್ದು. ಮಲಗಿದಾರೆ."

ಕಟ್ಟಿದೆ. ಸಾರನ್ನ ಕಲಸಲು ಹೋದರೆ ತಟ್ಟೆ ಜಾರಿತು; ಹಿಡಿಯಲು ಇನ್ನೊಂದು ಕೈಯಿಲ್ಲ. ತುತ್ತು ಬಾಯಿಗೆ ಬರುವಷ್ಟರಲ್ಲಿ ಅರ್ಧ ಸೀರೆಯ ಮೇಲೆ. ಗಲ್ಲದಿಂದ ಸಾರು ಇಳಿಯುತ್ತಿದ್ದರೂ ಅವರ ಹುರುಪು ಇಳಿಯಲಿಲ್ಲ. "ನೋಡ್ದ್ಯಾ, ಬಾಯೇ ತಟ್ಟೆ ಹತ್ರ ಹೋಗ್ಬೇಕು! ಇದು ನಂಗೆ ಹೊಳೆದೇ ಇರ್ಲಿಲ್ಲ" ಎನ್ನುತ್ತ ತಟ್ಟೆಗೆ ಬಗ್ಗಿದರು.

ತಲೆ ಎತ್ತಿದಾಗ ಮಾಧವರಾಯರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕಟ್ಟಿದ ಕೈ ನೋಡಿದರು, ಗಲ್ಲ ನೋಡಿದರು.

"ನಾನು ತಿನ್ನೋದು ಹೀಗೇನಾ?" ಎಂದು ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವತ್ತಿನ ರಾತ್ರಿಯೂಟ ಮುಟ್ಟದೆ ವಾಪಸ್ ಬಂತು. ಮರುದಿನದ ಉಪ್ಪಿಟ್ಟೂ ಬಂತು. ಸೀತಾಲಕ್ಷ್ಮಿ ಗಾಬರಿಯಾಗಿ, ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಕೋಣೆಗೆ ಹೋದರು.

"ಭಾವ, ನಿಮ್ಮನ್ನ ಅಣಕಿಸಿದ್ದಲ್ಲ. ಬೇಕಾದ್ರೆ ಸಮನ್ವಿತಾನ ಕೇಳಿ. ಕತೆಗೆ ಬೇಕಿತ್ತು. ಕೈ ಇಲ್ದೇ ಇದ್ರೆ ಹೇಗಿರತ್ತೆ ಅಂತ ತಿಳ್ಕೊಳೋಣ ಅಂತ..."

"ಹೂ ಮಾರೋಳನ್ನ ಕೇಳಿದೆ. ಆಟೋದವನನ್ನ ಕೇಳಿದೆ. ನಾನು ಇಲ್ಲೇ ಗೋಡೆ ಆಚೆ ಇದ್ದೆನಲ್ಲಮ್ಮ ಸೀತಾ."

 ಮಾಧವರಾಯರೇ ಮುಂದುವರಿಸಿದರು.

"ಎಡಗೈಗೆ ಅಭ್ಯಾಸ ಆಗತ್ತೆ. ಕಷ್ಟ ಅದಲ್ಲ. ಆಸ್ಪತ್ರೆಯಿಂದ ಬಂದಾಗ ನಾನೂ ಮೇಜಿಗೇ ಬಂದಿದ್ದೆ. ನೀನು ನನ್ನ ಕುರ್ಚಿ ಕೆಳಗೆ ಮಾತ್ರ ಪೇಪರ್ ಹಾಸಿದ್ದೆ. ಅವತ್ತಿಂದ ಒಳಗೇ ತಿಂತೀನಿ."

ಸೀತಾಲಕ್ಷ್ಮಿಗೆ ಅದು ನೆನಪೇ ಇರಲಿಲ್ಲ. ಒರೆಸಲು ಸುಲಭವಾಗಲಿ ಎಂದು ಹಾಸಿರಬೇಕು, ನಾನಾಗಿದ್ದರೂ ಹಾಸುತ್ತಿದ್ದೆ. ನನಗೆ ಆಂಟಿ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಸೀತಾಲಕ್ಷ್ಮಿ ಮಂಚದ ತುದಿಯಲ್ಲಿ ಕುಸಿದು ಕೂತು ಅತ್ತುಬಿಟ್ಟರು.

"ಆ ಕತೆ ಹರಿದು ಹಾಕ್ತೀನಿ ಭಾವ."

"ಯಾಕೆ? ಬರಿ. ಪೇಪರ್ ಹಾಸಿದ್ದು ಯಾರು ಅಂತಲೂ ಬರಿ."

ಆಮೇಲೆ ಉಪ್ಪಿಟ್ಟು ಬಿಸಿ ಮಾಡಿಸಿಕೊಂಡು ತಿಂದರು, ಬಾಗಿಲು ಮುಚ್ಚಿಕೊಂಡೇ.

ಸೀತಾಲಕ್ಷ್ಮಿ ಬರೆದರು. ಗೌರಿ ಹಬ್ಬದ ಹಿಂದಿನ ಸಂಜೆ, ನನ್ನನ್ನೂ ಕೂರಿಸಿಕೊಂಡು, ಭಾವನಿಗೇ ಮೊದಲು ಓದಿ ಹೇಳಿದರು. ಪೇಪರ್ ಹಾಸುವ ಜಾಗ ಬಂದಾಗ ಓದುವುದನ್ನು ನಿಲ್ಲಿಸಿದರು. "ಓದು" ಎಂದರು ಮಾಧವರಾಯರು, ಥೇಟ್ ಮೇಷ್ಟ್ರ ದನಿಯಲ್ಲಿ. ಓದಿ ಮುಗಿಯಿತು. ಅವರು ಚೆನ್ನಾಗಿದೆ ಎನ್ನಲಿಲ್ಲ, ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಸೀತಾಲಕ್ಷ್ಮಿ ಹಾಳೆ ಮಡಿಚಿಕೊಂಡು ಎದ್ದರು.

"ಸೀತಾ," ಎಂದರು ಮಾಧವರಾಯರು. "ನಾಳೆ ಎಲೆ ಹಾಕುವಾಗ ನಂದೂ ಹೊರಗೇ ಹಾಕು."