ವಿರೂಪಾಕ್ಷಪ್ಪನ ಗಂಟೆ

ಮುಂಡರಗಿಯ ಪೇಟೆಯಲ್ಲಿ ಅಡತಿ ಸಾಹುಕಾರರು ಸೇರಿ ನಡೆಸುತ್ತಿದ್ದ ಧರ್ಮದ ದವಾಖಾನೆಯೊಂದಿತ್ತು. ಅದರ ಕಂಪೌಂಡರ್ ವಿರೂಪಾಕ್ಷಪ್ಪ. ಇಸ್ತ್ರಿ ಅಂಗಿ, ಹಣೆತುಂಬ ವಿಭೂತಿ, ಕಿಸೆಯಲ್ಲಿ ಮಸಿಯಿಲ್ಲದ ಪೆನ್ನು. ಬಂದವರ ಮುಖ ನೋಡುವ ಮೊದಲು ಕಾಲಿನ ಮೆಟ್ಟು ನೋಡುವುದು ಅವನ ಅಭ್ಯಾಸ. ಕಿರುಗುಟ್ಟುವ ಮೆಟ್ಟಾದರೆ ಬೆನ್ನು ತಾನಾಗಿ ಬಾಗುತ್ತಿತ್ತು. ಬರಿಗಾಲಾದರೆ ಕುತ್ತಿಗೆ ಸೆಟೆದು ನಿಲ್ಲುತ್ತಿತ್ತು. ಇಂಥವನಿಗೆ ದೇವರು ಬೆನ್ನೆಲುಬು ಯಾಕೆ ಕೊಟ್ಟನೋ, ಒಂದು ಮೊಳ ಹಗ್ಗ ಇಟ್ಟಿದ್ದರೂ ನಡೆಯುತ್ತಿತ್ತು.

ಡಾಕ್ಟರ ಮನೆ ದವಾಖಾನೆಯ ಹಿಂದೆ, ಹುಣಸೆಮರಗಳ ಆಚೆ. ಅವರನ್ನು ಕರೆಯಲು ಪಡಸಾಲೆಯಲ್ಲಿ ರೈಲುಕಂಬಿಯ ತುಂಡೊಂದನ್ನು ಗಂಟೆಯಾಗಿ ತೂಗುಹಾಕಿದ್ದರು. ಸಾಮಾನ್ಯ ರೋಗಿಗೆ ಒಂದೇ ಪೆಟ್ಟು, ಜೀವಕ್ಕೆ ಅಪಾಯವಿದ್ದರೆ ಬಿಡದೆ ಬಾರಿಸಬೇಕು. ಇದು ಡಾಕ್ಟರು ಹಾಕಿಕೊಟ್ಟ ಪದ್ಧತಿ. ಸುತ್ತಿಗೆ ಮಾತ್ರ ವಿರೂಪಾಕ್ಷಪ್ಪನ ಕೈಯಲ್ಲಿತ್ತು. ಪದ್ಧತಿ ಹದಗೆಟ್ಟದ್ದು ಅಲ್ಲಿಯೇ.

ಜೀವ ಎಲ್ಲರಿಗೂ ಇರುತ್ತದೆ, ಮರ್ಯಾದೆ ಇರುವುದು ಕೆಲವರಿಗೆ ಮಾತ್ರ ಎಂಬುದು ಅವನ ಲೆಕ್ಕಾಚಾರ. ಫೌಜದಾರರಿಗೆ ನೆಗಡಿಯಾದರೆ ಕಂಬಿ ಪೇಟೆಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಬಿಳಿ ಟೊಪ್ಪಿಗೆಯವರ ಹೊಟ್ಟೆಯುಬ್ಬರಕ್ಕೂ ಅದೇ ಬಡಿತ. ಸ್ವಾತಂತ್ರ್ಯದಿಂದ ಅವನು ಕಲಿತದ್ದು ಇಷ್ಟೇ.

ಡಾಕ್ಟರು ಮೊದಮೊದಲು ಆ ಬಡಿತಕ್ಕೆ ಬನಿಯನ್ನಿನಲ್ಲೇ ಓಡಿಬರುತ್ತಿದ್ದರು. ಒಮ್ಮೆ ಹಾಗೆ ಬಂದರೆ ಎದುರಿಗೆ ದವಾಖಾನೆಯ ಪಂಚರಲ್ಲಿ ಹಿರಿಯರಾದ ದೇವೇಂದ್ರಪ್ಪ ಸಾಹುಕಾರರು ಉಗುರುಸುತ್ತಾದ ಬೆರಳನ್ನು ಎತ್ತಿ ಹಿಡಿದು ಕುಳಿತಿದ್ದರು.

“ಏನ್ರಿ ಡಾಕ್ಟರ್, ಕುಸ್ತಿಗೆ ಬಂದೀರೇನು?” ಎಂದು ನಕ್ಕರು.

ಅಂದಿನಿಂದ ಗಂಟೆ ಬಿಡದೆ ಬಡಿದರೆ ಡಾಕ್ಟರು ಕೋಟು ತೊಟ್ಟು, ರುಮಾಲು ಸುತ್ತಿ, ಬೂಟಿನ ಲಾಡಿ ಬಿಗಿದೇ ಹೊರಡುವರು. ಒಂದೇ ಪೆಟ್ಟಾದರೆ ಇದ್ದ ಬಟ್ಟೆಯಲ್ಲೇ ಬಂದುಬಿಡುವರು. ಬಡವರ ಪೆಟ್ಟಿಗೇ ಡಾಕ್ಟರು ಬೇಗ ಬರುತ್ತಾರೆಂಬುದು ವಿರೂಪಾಕ್ಷಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಒಂದು ಪೆಟ್ಟನ್ನೂ ಅವನು ಸುಮ್ಮನೆ ಕೊಡುವವನಲ್ಲ. ಪಡಸಾಲೆಯಲ್ಲಿ ಜನ ಕೂಡಬೇಕು, ಆಮೇಲೆ ಎಲ್ಲರಿಗೂ ಸೇರಿಸಿ ಒಂದು.

ಕೊರ್ಲಹಳ್ಳಿಯ ಹನಮಪ್ಪ ಹಾವು ಕಡಿದ ತಮ್ಮನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದಾಗಲೂ ಅಷ್ಟೇ.

“ಜಲ್ದಿ ಮಾಡ್ರಿ ಯಪ್ಪಾ, ಕಣ್ಣ ಮುಚ್ಚಾಕ ಹತ್ಯಾನ!”

“ಒಬ್ಬೊಬ್ಬರಿಗೆ ಬಾರಿಸ್ಕೋತ ಕುಂತ್ರ ನನ್ನ ಕೈ ಏನಾಗಬೇಕಲೇ? ಇನ್ನ ನಾಕ ಮಂದಿ ಬರ್ಲಿ, ಕುಂಡ್ರು.”

ಮಂದಿ ಬರುವಷ್ಟರಲ್ಲಿ ತಮ್ಮನ ಬಾಯಲ್ಲಿ ನೊರೆ ಬಂದು ಜೀವ ಹೋಗಿತ್ತು. ಸತ್ತ ಮೇಲೆಯೇ ತಂದರೆಂದು ಡಾಕ್ಟರಿಗೆ ಹೇಳಿ ವಿರೂಪಾಕ್ಷಪ್ಪ ನಶ್ಯ ಏರಿಸಿದ. ಥೂ, ಸುಳ್ಳಾಡಿದ ಬಾಯಲ್ಲೇ ಆ ರಾತ್ರಿ ರೊಟ್ಟಿಯನ್ನೂ ತಿಂದ.

ಕರ್ನಾಟಕ ಒಂದಾದ ದಿನ ಪೇಟೆಯ ತುಂಬ ತೋರಣ, ಡೊಳ್ಳು, ಭಾಷಣ. ಹೊರಗಿನಿಂದ ದೊಡ್ಡವರು ಬರುತ್ತಾರೆಂದು ಸುದ್ದಿ. ಆ ದಿನವೇ ವಿರೂಪಾಕ್ಷಪ್ಪನ ಹೆಂಡತಿ ಕಸ್ತೂರೆವ್ವ ಕೊಡ ಹೊತ್ತು ಬರುವಾಗ ಜಾರಿ ಬಿದ್ದಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು, ದಿನ ತುಂಬಿತ್ತು. ನೆರೆಯವರು ಹೊರಸಿನ ಮೇಲೆ ಹೊತ್ತು ತಂದರು. ಸೀರೆಯೆಲ್ಲ ರಕ್ತ.

ದವಾಖಾನೆಯ ಕಸ ಹೊಡೆಯುವ ಉಡಚವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದಳು: “ಸಾಹೇಬ್ರು ಮನಿಯಾಗ ಅದಾರ್ರಿ! ಒಂದ ಪೆಟ್ಟ ಹೊಡೀರಿ, ಹೆಂಗದಾರ ಹಂಗ ಬರ್ತಾರ!”

ವಿರೂಪಾಕ್ಷಪ್ಪ ಸುತ್ತಿಗೆ ಎತ್ತಿದ. ಪಡಸಾಲೆಯ ತುಂಬ ಹಳ್ಳಿಯ ಮಂದಿ, ಎಲ್ಲರ ಕಣ್ಣೂ ಅವನ ಮೇಲೆ. ಕಂಪೌಂಡರನ ಹೆಂಡತಿಗೆ ಒಂದು ಪೆಟ್ಟು! ಬರಿಗಾಲಿನವರಿಗೆ ಹೊಡೆಯುವ ಪೆಟ್ಟು! ಹೆಂಡತಿಯೆಂದರೆ ಅವನಿಗೆ ಪ್ರಾಣವಾಗಿತ್ತು, ಅದು ಸುಳ್ಳಲ್ಲ. ಆದರೂ ಒಂದಕ್ಕೇ ನಿಲ್ಲಲು ಕೈ ಒಪ್ಪಲಿಲ್ಲ. ಒಂದು ಹೊಡೆದ, ಎರಡು ಹೊಡೆದ, ಕಣ್ಣೀರು ಸುರಿಸುತ್ತ ಬಾರಿಸುತ್ತಲೇ ಹೋದ. ಹುಣಸೆಮರಗಳ ಆಚೆ, ಯಾರೋ ಮಂತ್ರಿಯೇ ಬಂದಿರಬೇಕೆಂದು ಡಾಕ್ಟರು ಟ್ರಂಕಿನಿಂದ ಜರಿಯ ರುಮಾಲನ್ನೇ ತೆಗೆಸಿದರು.

ಉಡಚವ್ವ ಕಾದು ಸಾಕಾಗಿ, ಕಸ್ತೂರೆವ್ವನ ತಲೆಯನ್ನು ನೆರೆಯವಳ ತೊಡೆಗೆ ದಾಟಿಸಿ ಓಡಿದಳು. ಅವಳ ಕೈಯ ರಕ್ತ ನೋಡಿದ್ದೇ ಡಾಕ್ಟರು ಅರ್ಧ ಸುತ್ತಿದ ರುಮಾಲನ್ನು ಬಿಸುಟು ಬಂದರು. ಕಸ್ತೂರೆವ್ವ ಉಳಿದಳು. ಕೂಸು ಉಳಿಯಲಿಲ್ಲ. ಗಂಡು ಕೂಸು.

ಕೈ ತೊಳೆದುಕೊಂಡು ಬಂದ ಡಾಕ್ಟರು ವಿರೂಪಾಕ್ಷಪ್ಪನ ಕೈಯಿಂದ ಸುತ್ತಿಗೆ ಕಿತ್ತು ಉಡಚವ್ವನಿಗೆ ಕೊಟ್ಟರು.

“ರಕ್ತ ಹರೀತಿದ್ರ, ಹಾವು ಕಡದಿದ್ರ, ಉಸರ ಸಿಕ್ಕೊಂಡಿದ್ರ ಬಿಡಲಾರದ ಬಾರಿಸು. ಯಾರು ಅಂತ ಕೇಳಬ್ಯಾಡ. ನಾನೂ ಇನ್ನ ಕೋಟು ಹುಡುಕೂದಿಲ್ಲ.”

ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ನಾಚಿಕೆ ಅವರಿಗಾದರೂ ಬಂತಲ್ಲ.

ಹೆಂಡತಿ ಮನೆಗೆ ಬಂದ ಮೇಲೆ ವಿರೂಪಾಕ್ಷಪ್ಪ ಅವಳ ಹೊರಸಿನ ಪಕ್ಕದಲ್ಲಿ ಕುಳಿತು ಗೊಣಗಿದ: “ಕಸ ಹೊಡಿಯೋಳ ಕೈಯಾಗ ಸುತ್ತಿಗಿ ಕೊಟ್ರು. ಇಷ್ಟ ವರ್ಷ ದುಡದಾಂವಗ ಏನ ಮರ್ಯಾದಿ ಉಳೀತು?”

ಕಸ್ತೂರೆವ್ವ ಗಂಡನ ಕಡೆ ಹೊರಳಿದಳು.

“ಒಂದ ಪೆಟ್ಟ ಹೊಡದಿದ್ರ ಕೂಸು ಉಳೀತಿತ್ತಲ್ರೀ?”

ವಿರೂಪಾಕ್ಷಪ್ಪ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು.

“ಖರೆ,” ಎಂದ. “ಆದ್ರ ಮಂದಿ ಏನಂತಿದ್ರು?”