ಘಣಸೋಲಿಯಲ್ಲಿ ಸ್ಪ್ಯಾನಿಷ್ ಅಕ್ಷರಾಭ್ಯಾಸ

“ಮ್ಯಾಡಮ್, ಮತಲಬ್ ನಹೀ ಸಿಖಾನಾ. ಸಿರ್ಫ್ ಅಕ್ಷರ್ ಔರ್ ನಂಬರ್,” ಎಂದರು ಮೇಲ್ವಿಚಾರಕರು, ಮೊದಲ ದಿನವೇ. ಅರ್ಥ ಬೇಡವಂತೆ, ಅಕ್ಷರ ಮತ್ತು ಅಂಕಿ ಸಾಕಂತೆ! ಕುಂದಾಪುರದಲ್ಲಿ ಮಕ್ಕಳಿಗೆ ‘ಅ ಅರಸ, ಆ ಆನೆ’ ಎಂದು ಕಲಿಸಿ ಬಂದವಳು ನಾನು. ನಮ್ಮಲ್ಲಿ ಅಕ್ಷರದ ಹಿಂದೆ ಒಂದು ಆನೆಯಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ.

ನನ್ನ ಗಂಡನಿಗೆ ಈ ಪರವೂರಿನ ಕೋಪರಿಯ ಹೋಟೆಲೊಂದರಲ್ಲಿ ಕೆಲಸ, ಮನೆಯೂ ಅಲ್ಲೇ. ಕುಚ್ಚಲಕ್ಕಿ ಇಲ್ಲೂ ಸಿಗುತ್ತದೆ, ಪಕ್ಕದ ಮನೆಯಲ್ಲಿ ತುಳು ಕೇಳಿಸುತ್ತದೆ. ಸಿಗದಿರುವುದು ಅಂಗಳ. ಒಂದು ಕೋಣೆ, ಒಂದು ಅಡುಗೆಮನೆ. ಇಲ್ಲಿಯವರ ಬಾಯಲ್ಲಿ ಇದು ‘ವನ್ ಆರ್‌ಕೆ’. ಹಗಲೆಲ್ಲ ಗೋಡೆ ನೋಡಿ ಸಾಕಾಗಿತ್ತು. ಮಂಗಳೂರಿನಲ್ಲಿ ಓದುವಾಗ ಕಲಿತ ಸ್ಪ್ಯಾನಿಷ್‌ಗೆ ಹತ್ತಿರದ ಘಣಸೋಲಿಯ ಕಾಲ್ ಸೆಂಟರ್‌ನಲ್ಲಿ ಹೊಸಬರಿಗೆ ಕಲಿಸುವ ಕೆಲಸವಿದೆ ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಆಟದಿಂದ ಆರಂಭಿಸಿದೆ. ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಒಬ್ಬರು ತಮ್ಮ ಹೆಸರನ್ನು ಸ್ಪ್ಯಾನಿಷ್ ಅಕ್ಷರಗಳಲ್ಲಿ ಬಿಡಿಸಿ ಹೇಳಬೇಕು, ಇನ್ನೊಬ್ಬರು ಕೇಳಿ ಬರೆಯಬೇಕು. ಸ್ಪ್ಯಾನಿಷ್‌ನಲ್ಲಿ ಎಚ್ ಅಕ್ಷರದ ಹೆಸರು ‘ಆಚೆ’. ಅದನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. “ಹೆಸರಿಗೆ ತಕ್ಕಂತೆ ಬಾಯಿಂದ ಆಚೆಯೇ,” ಎಂದು ಕನ್ನಡದಲ್ಲಿ ನನ್ನಷ್ಟಕ್ಕೆ ಗೊಣಗಿಕೊಂಡೆ. ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಅವಳೇ ಜಗದೇವಿ. ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳು, ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಏನು ಕೇಳಿದರೂ ಹಿಂದಿಯಲ್ಲೇ ಉತ್ತರ. ಆದರೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದಿನ ವಾರ ಮೇಲ್ವಿಚಾರಕರು ಫೋನಿನಲ್ಲಿ ಹೇಳಿಕೊಳ್ಳಲೆಂದು ಎಲ್ಲರ ಹೆಸರು ಬದಲಿಸಿದರು. ಜಗದೇವಿ ಈಗ ‘ಎಲೆನಾ’. ಆಮೇಲೆ ನನ್ನ ಆಟ ನಿಲ್ಲಿಸಿ, ರೆಕಾರ್ಡ್ ಮಾಡಿದ್ದ ಫೋನ್ ಕರೆಯೊಂದನ್ನು ಹಾಕಿದರು. ಯಾರೋ ಮುದುಕಿ ಸ್ಪ್ಯಾನಿಷ್‌ನಲ್ಲಿ ತನ್ನ ಹೆಸರನ್ನೂ ಬ್ಯಾಂಕ್ ಕಾರ್ಡಿನ ಅಂಕಿಗಳನ್ನೂ ಒಂದೊಂದಾಗಿ ಹೇಳುತ್ತಿದ್ದಳು. ತರಗತಿಯವರು ತಪ್ಪಿಲ್ಲದೆ ಬರೆದುಕೊಂಡರು. ನಡುನಡುವೆ ಅವಳು ಕೇಳುತ್ತಿದ್ದುದು ನನಗೊಬ್ಬಳಿಗೇ ಅರ್ಥವಾಯಿತು: “ನಿಧಾನ ಮಗಳೇ, ನನಗೆ ಕಿವಿ ಮಂದ. ಹಣ ಹೋಗುವುದಿಲ್ಲ ತಾನೆ?”

ಅರ್ಥ ಕಲಿಸಬೇಡಿ ಎಂದದ್ದು ಏಕೆಂದು ಆಗ ತಿಳಿಯಿತು.

ಬರಹ ತಿದ್ದುವ ನೆಪದಲ್ಲಿ ಜಗದೇವಿಯ ಕಡೆ ಬಗ್ಗಿದೆ. “ಇದ್ ಮೋಸದ ಕೆಲ್ಸ ಮಾರಾಯ್ತಿ. ಮುದ್ಕರ ದುಡ್ಡ್ ಹೊಡುದ್. ನಾಳಿಂದ ಬರ್ಬೇಡ,” ಎಂದೆ. ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕರಿಗೆ ಕನ್ನಡ ಬಾರದು ಎಂಬ ಧೈರ್ಯ ನನ್ನದು.

“ಧೋಕಾ? ಕೈಸಾ ಧೋಕಾ, ಟೀಚರ್?” ಎಂದಳು ಅವಳು, ಎಂದಿನಂತೆ ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ಮೇಲ್ವಿಚಾರಕರು ನಿಧಾನವಾಗಿ ಒಳಗೆ ಬಂದರು. ಸಿಟ್ಟಾಗಲಿಲ್ಲ. “ಮ್ಯಾಡಮ್ ಕೋಪರಿ ಮೇ ರಹತೀ ಹೈ ನಾ? ಹಸ್ಬೆಂಡ್ ಹೋಟೆಲ್ ಮೇ?” ಎಂದು ನಕ್ಕರು. ಗಂಡನ ವಿಷಯ ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಜಗದೇವಿಯ ಮುಖ ಬಿಳಿಚಿಕೊಂಡಿತು. ನನ್ನ ಚೀಲ ಎತ್ತಿ ಕೈಗಿಟ್ಟಳು. ತಡವರಿಸುತ್ತ, ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದಳು: “ನೀವ್ ಹೋಗ್ರಿ ಟೀಚರ್. ನನ್ನ ಮಾರ್ಕ್ಸ್‌ಕಾರ್ಡ್, ಆಧಾರ್, ಎಲ್ಲಾ ಇವ್ರ ಕೈಯಾಗ್ ಅದಾವ್ರಿ. ನನಗ್ ಬರ್ಲಾಕ್ ಆಗಲ್ರಿ.”

ನಾನು ಹೊರಟು ಬಂದೆ. ಪೊಲೀಸರ ಬಳಿ ಹೋಗೋಣವೆಂದರೆ, “ಅವ್ರ್ ಮನೆಗೇ ಬಂದ್ರೆ? ಊರಿಗೇ ಹೋಪ,” ಎನ್ನುತ್ತಾರೆ ಗಂಡ. ಬಾಗಿಲು ಬಡಿದ ಸದ್ದಾದರೆ ನಾನೂ ಯಾರೆಂದು ಕೇಳದೆ ಚಿಲಕ ತೆಗೆಯುವುದಿಲ್ಲ. ಊರು ಕರೆಯುತ್ತದೆ, ನಿಜ. ಆದರೆ ಇಷ್ಟು ದೊಡ್ಡ ಪಟ್ಟಣದಲ್ಲಿ ನನ್ನವಳೆಂದು ಸಿಕ್ಕವಳು ಒಬ್ಬಳೇ, ಅವಳನ್ನು ಆ ಕೋಣೆಯಲ್ಲಿ ಬಿಟ್ಟು ಯಾವ ಮುಖ ಹೊತ್ತು ಊರಿಗೆ ಹೋಗಲಿ?