ಖಾಲಿ ಹೊಟ್ಟೆಯ ಮಾತ್ರೆ, ಬಿಳಿಯ ಚೀಲ

ಚೀಲದೊಳಗಿನ ದ್ರವ ಪೂರ್ತಿ ಬಿಳಿಯಲ್ಲ; ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಗಂಜಿತಿಳಿಯ ಬಣ್ಣ ಕಾಣುತ್ತದೆ. ಮೊನ್ನೆ ನಮ್ಮ ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡುವ ಔಷಧ ವಿಭಾಗದಲ್ಲಿ, ರಕ್ತನಾಳದ ಮೂಲಕ ಪೋಷಣೆ ಕೊಡುವ ಆ ಚೀಲದ ಪಕ್ಕದಲ್ಲೇ ಪ್ರಾಸ್ಟೇಟ್ ಕ್ಯಾನ್ಸರಿನ ಮಾತ್ರೆಯ ಡಬ್ಬಿಯಿತ್ತು. ಎರಡೂ ಬೇರೆ ಬೇರೆ ವಾರ್ಡುಗಳಿಗೆ ಹೋಗಬೇಕಿದ್ದವು. ನನಗೆ ಹೋಟೆಲಿನ ಮಾಮ ನೆನಪಾದರು.

ಈ ಮರಾಠಿ ಊರಿನ ಕೊಂಢವಾ ಬಡಾವಣೆಯಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ಹೋಟೆಲು. ಕುಂದಾಪುರದ ಕಡೆಯವರು. ಬೆಳಗಿನ ಸಾರು ಅವರ ನಾಲಗೆ ದಾಟದೆ ಗಿರಾಕಿಗೆ ಹೋಗುತ್ತಿರಲಿಲ್ಲ. ಕಾಯಿಲೆ ಗೊತ್ತಾದ ಮೇಲೆ ಬಂದ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ನುಂಗಬೇಕಿತ್ತು.

“ಒಂದು ಚಮಚ ಸಾರು ಊಟವಾ ಮಾರಾಯ್ತಿ?” ಎಂದು ನನ್ನನ್ನು ಕೇಳಿದ್ದರು.

“ಮಾತ್ರೆ ಪಾಲಿಗೆ ಅದೂ ಊಟಾನೇ, ಮಾಮ.”

ಕೊನೆಗೆ ವೈದ್ಯರನ್ನು ಕೇಳಿ ಮಾತ್ರೆಯನ್ನು ರಾತ್ರಿಗೆ, ಊಟವಾಗಿ ಎರಡು ಗಂಟೆ ಕಳೆದ ಮೇಲಕ್ಕೆ ಸರಿಸಿದೆವು. ಬೆಳಗಿನ ಸಾರು ಇದ್ದಲ್ಲೇ ಉಳಿಯಿತು. ಹಾಗೆ ಬಹಳ ಕಾಲ ನಡೆಯಿತು...

ಆಮೇಲೆ ಕರುಳು ಕೆಲಸ ನಿಲ್ಲಿಸಿತು; ಅವರನ್ನು ನಮ್ಮ ಆಸ್ಪತ್ರೆಗೇ ಸೇರಿಸಿದರು. ಮಾತ್ರೆ ನಿಂತು, ಚೀಲ ಬಂತು. ಇಷ್ಟು ದೊಡ್ಡ ಚೀಲ ಎಂದರೆ ದೊಡ್ಡ ಮದ್ದೇ ಇರಬೇಕೆಂದು ಮಾಮಿ ಸಮಾಧಾನಪಟ್ಟಿದ್ದರು. ಅವರು ನೀರು ತರಲು ಹೋದಾಗ ಮಾಮ ಕೇಳಿದರು: “ಯಾವುದು ಜೋರು? ಅದಾ, ಇದಾ?”

ಮಾತ್ರೆ ಕ್ಯಾನ್ಸರ್ ಬೆಳೆಯಲು ಬೇಕಾದ ಹಾರ್ಮೋನನ್ನು ತಡೆಯುತ್ತದೆ, ಈ ಚೀಲದಲ್ಲಿರುವುದು ಸಕ್ಕರೆ, ಪ್ರೋಟೀನು, ಕೊಬ್ಬು ಎಂದು ವಿವರಿಸಿದೆ. “ಇದು ಮದ್ದಲ್ಲ ಮಾಮ, ಊಟ.”

ಅವರಿಗೆ ಅರ್ಥವಾಯಿತು. ಚೀಲದತ್ತ ಕೈ ತೋರಿದರು.

“ಊಟವಾ? ಮತ್ತೆ ರುಚಿ ನೋಡದೆ ಹೇಗೆ ಹೊರಗೆ ಬಿಟ್ಟೆ ನೀನು?”

ನಾಲಗೆಗೆ ಸಾರು ತಾಗಿಸಬಹುದೇ ಎಂದು ಆ ದಿನವೇ ವೈದ್ಯರನ್ನು ಕೇಳಿದೆ. “ಚಾಲೇಲ್,” ಎಂದರು ಅವರು ಮರಾಠಿಯಲ್ಲಿ; ಆಗಬಹುದು, ಆದರೆ ನುಂಗದೆ ಉಗಿದುಬಿಡಬೇಕು. ಮಾಮಿ ಫ್ಲಾಸ್ಕಿನಲ್ಲಿ ತಂದರು. ಮಾಮ ಬಾಯಲ್ಲಿಟ್ಟುಕೊಂಡು, ಉಗಿದು, ಕಣ್ಣು ತೆರೆದರು.

“ಕೊತ್ತಂಬರಿ ಹುರಿದದ್ದು ಹೆಚ್ಚಾಯ್ತು. ಯಾರು ಹುರಿದದ್ದು?”

“ನಾನೇ,” ಎಂದರು ಮಾಮಿ.

“ಹಾಗಾದ್ರೆ ಸರಿ ಉಂಟು.”

ಮಾಮಿ ಸೆರಗಿನಿಂದ ಅವರ ಬಾಯಿ ಒರೆಸಿ, “ನಂಗೆ ಹೆದ್ರುವವರ ಹಾಗೆ ಮಾಡ್ಬೇಡಿ,” ಎಂದರು. ಅದಾದ ಮೇಲೆ ಮಾಮ ಯಾವ ಸಾರನ್ನೂ ಕೇಳಲಿಲ್ಲ...

ಮಾಮ ಹೋದ ಮೇಲೆ ಹೋಟೆಲನ್ನು ಮಾಮಿಯೇ ನಡೆಸುತ್ತಾರೆ. ಮೊನ್ನೆ ಚೀಲವನ್ನೂ ಮಾತ್ರೆಯನ್ನೂ ಅವುಗಳ ವಾರ್ಡುಗಳಿಗೆ ಕಳಿಸಿದೆ. ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಕೆಳಗಿಳಿದು ಒಂದು ಬಟ್ಟಲು ಸಾರು ಕೇಳಿದೆ. ಅಲ್ಲಿ ಇಷ್ಟು ವರ್ಷ ಕೊಟ್ಟದ್ದನ್ನು ತಿಂದು ಎದ್ದವಳು ನಾನು. ರುಚಿಯ ಬಗ್ಗೆ ಏನನ್ನೂ ಹೇಳಿದವಳಲ್ಲ.

“ಮಾಮಿ, ಕೊತ್ತಂಬರಿ ಸ್ವಲ್ಪ ಹೆಚ್ಚು ಹುರಿದಿದೆ,” ಎಂದೆ.

ಅವರು ಸೌಟು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಆ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟರು. ನಾನು ಅಲ್ಲೇ ನಿಂತು ಕಾದೆ.